ಗುಳಿಗೆ, ಚುಚ್ಚುಮದ್ದು, ವಂಕಿ, ಆಪರೇಷನ್: ಬಸಿರು ತಡೆಯುವ ವಿಧಾನಗಳು ಎಲ್ಲಿ ತಡೆಯುತ್ತವೆ, ಮಲೆನಾಡಿನ ಮನೆಗೆ ಯಾವುದು ಹೊಂದುತ್ತದೆ

ಹೆರಿಗೆಯಾಗಿ ಏಳೆಂಟು ತಿಂಗಳಾದರೂ ಮುಟ್ಟು ಕಂಡಿಲ್ಲ, ಹಾಗಾಗಿ ಈಗಲೇ ಬಸಿರು ನಿಲ್ಲುವುದಿಲ್ಲ ಎಂದು ನಂಬಿಕೊಂಡವರು ತೀರ್ಥಹಳ್ಳಿಯಿಂದ ಸೊರಬದವರೆಗೆ ಎಲ್ಲ ಊರಲ್ಲೂ ಇದ್ದಾರೆ. ಲೆಕ್ಕ ತಲೆಕೆಳಗಾಗುವುದು ಇಲ್ಲೇ. ಅಂಡ ಬಿಡುಗಡೆಯಾಗುವುದು ಮೊದಲು. ಅದು ವೀರ್ಯಾಣುವಿನ ಜೊತೆ ಸೇರದೆ ಹೋದರೆ ಸುಮಾರು 14 ದಿನ ಕಳೆದು ಮುಟ್ಟು ಬರುತ್ತದೆ. ಬಾಣಂತಿಗೆ ಮೊದಲ ಮುಟ್ಟು ಕಾಣುವ ಮುಂಚೆಯೇ ಅಂಡ ಬಂದಿರಬಹುದು. ಆ ದಿನಗಳಲ್ಲಿ ಗಂಡ ಹೆಂಡತಿ ಕೂಡಿದ್ದರೆ, ಮುಟ್ಟನ್ನೇ ಕಾಣದೆ ಮುಂದಿನ ಬಸಿರು ಶುರುವಾಗಿರುತ್ತದೆ.

ಆದ್ದರಿಂದ ಯಾವ ವಿಧಾನ ಒಳ್ಳೆಯದು ಎಂದು ಕೇಳುವ ಮುಂಚೆ ಎರಡು ವಿಷಯ ಗೊತ್ತಿರಬೇಕು. ಒಂದು, ಆ ವಿಧಾನ ದೇಹದ ಯಾವ ಜಾಗದಲ್ಲಿ ತಡೆ ಹಾಕುತ್ತದೆ. ಇನ್ನೊಂದು, ಅದರ ಮುಂದಿನ ಡೋಸು ನಿಮ್ಮ ಮನೆಯಿಂದ ಎಷ್ಟು ದೂರದಲ್ಲಿದೆ. ಶಿವಮೊಗ್ಗದ ವಿನೋಬನಗರದಲ್ಲಿ ಮನೆಯಿರುವವರಿಗೆ ಎರಡನೆಯದು ದೊಡ್ಡ ಪ್ರಶ್ನೆಯಲ್ಲ. ಹೊಸನಗರದ ಒಳಹಳ್ಳಿಯಲ್ಲಿ, ಶರಾವತಿ ಹಿನ್ನೀರಿನ ಆಚೆ ಇರುವವರಿಗೆ ಅದೇ ಮುಖ್ಯ ಪ್ರಶ್ನೆ.

ತಡೆ ಬೀಳುವ ಜಾಗಗಳು

ಅಂಡಾಶಯದಿಂದ ಹೊರಬಂದ ಅಂಡ ಬದುಕುವುದು 12ರಿಂದ 24 ಗಂಟೆ. ವೀರ್ಯಾಣು ಹೆಣ್ಣಿನ ದೇಹದೊಳಗೆ 5 ದಿನದವರೆಗೂ ಬದುಕಬಲ್ಲದು. ಹಾಗಾಗಿ ಅಂಡ ಬಿಡುಗಡೆಯ ಹಿಂದಿನ 5 ದಿನ ಮತ್ತು ಆ ದಿನ, ಒಟ್ಟು 6 ದಿನ ಬಸಿರು ನಿಲ್ಲುವ ಕಾಲ. ಅಂಡ ಮತ್ತು ವೀರ್ಯಾಣು ಸೇರುವುದು ಅಂಡನಾಳದಲ್ಲಿ. ಸೇರಿದ ಸುಮಾರು ಒಂದು ವಾರಕ್ಕೆ ಭ್ರೂಣ ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳುತ್ತದೆ.

ಎಲ್ಲ ವಿಧಾನಗಳೂ ಈ ದಾರಿಯಲ್ಲೇ ಎಲ್ಲೋ ಒಂದು ಕಡೆ ಅಡ್ಡ ನಿಲ್ಲುತ್ತವೆ. ದಿನದ ಗುಳಿಗೆ ಮತ್ತು ಚುಚ್ಚುಮದ್ದು ಅಂಡ ಬಿಡುಗಡೆಯನ್ನೇ ನಿಲ್ಲಿಸುತ್ತವೆ, ಜೊತೆಗೆ ಗರ್ಭಕೋಶದ ಬಾಯಿಯ ಲೋಳೆಯನ್ನು ದಪ್ಪ ಮಾಡಿ ವೀರ್ಯಾಣು ಒಳಗೆ ಹೋಗದಂತೆ ಮಾಡುತ್ತವೆ. ನಿರೋಧ್, ಅಂದರೆ ಕಾಂಡೋಮ್, ವೀರ್ಯವನ್ನು ಹೊರಗೇ ಹಿಡಿದಿಡುತ್ತದೆ. ವಂಕಿ, ಅಂದರೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ, ಒಳಗೆ ಬಂದ ವೀರ್ಯಾಣುವನ್ನು ಕೆಡಿಸುತ್ತದೆ. ವಾರದ ಗುಳಿಗೆ ಒಳಪದರದ ಮೇಲೆ ಕೆಲಸ ಮಾಡುತ್ತದೆ. ಆಪರೇಷನ್ ನಾಳವನ್ನೇ ಮುಚ್ಚುತ್ತದೆ.

ಯಾವ ತಡೆಯೂ ಇಲ್ಲದೆ ಒಂದು ವರ್ಷ ಸಂಸಾರ ಮಾಡಿದ 100 ಹೆಂಗಸರಲ್ಲಿ ಸುಮಾರು 85 ಮಂದಿ ಬಸಿರಾಗುತ್ತಾರೆ. ಜನ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ, ಅಂದರೆ ಮರೆವು, ತಪ್ಪು ಎಲ್ಲ ಸೇರಿ, ವೀರ್ಯ ಹೊರಗೆ ಬಿಡುವ ವಿಧಾನದಲ್ಲಿ 100ಕ್ಕೆ 20, ನಿರೋಧ್‌ನಲ್ಲಿ 13, ದಿನದ ಗುಳಿಗೆಯಲ್ಲಿ 7, ಮೂರು ತಿಂಗಳ ಚುಚ್ಚುಮದ್ದಿನಲ್ಲಿ 4 ಬಸಿರು. ವಂಕಿಯಲ್ಲಿ 1ಕ್ಕಿಂತ ಕಡಿಮೆ. ಹೆಣ್ಣಿನ ಆಪರೇಷನ್‌ನಲ್ಲಿ 200ಕ್ಕೆ 1, ಗಂಡಿನದರಲ್ಲಿ 1000ಕ್ಕೆ ಒಂದೆರಡು. ಈ ಅಂಕಿಗಳನ್ನು ಓದುವ ಕ್ರಮ ಇಷ್ಟೇ: ನೆನಪಿಟ್ಟುಕೊಳ್ಳುವ ಕೆಲಸ ಹೆಚ್ಚಿದಷ್ಟೂ ಸೋಲು ಹೆಚ್ಚು. ಗುಳಿಗೆಯನ್ನು ಒಂದು ದಿನವೂ ತಪ್ಪಿಸದವರಲ್ಲಿ ಸೋಲು 1000ಕ್ಕೆ 3 ಮಾತ್ರ.

ನಿರೋಧ್

ಸರ್ಕಾರ 1968ರಲ್ಲಿ ಈ ಹೆಸರಿನಲ್ಲಿ ಹಂಚಲು ಶುರುಮಾಡಿದ ಮೇಲೆ ಕಾಂಡೋಮ್‌ಗೆ ಹಳ್ಳಿಗಳಲ್ಲಿ ಇದೇ ಹೆಸರು. ಲೈಂಗಿಕ ರೋಗ, ಎಚ್‌ಐವಿ ಎರಡನ್ನೂ ತಡೆಯುವುದು ಇದೊಂದೇ. ಬೇರೆ ವಿಧಾನ ಬಳಸುವವರಿಗೂ ಆ ಕಾರಣಕ್ಕೆ ಇದು ಬೇಕಾಗಬಹುದು.

ಪೊಟ್ಟಣದ ಮೇಲಿನ ದಿನಾಂಕ ನೋಡಿ. ಬೆರಳಲ್ಲಿ ಒತ್ತಿದಾಗ ಒಳಗೆ ಗಾಳಿ ಇರುವುದು ತಿಳಿಯಬೇಕು, ಚಪ್ಪಟೆಯಾಗಿದ್ದರೆ ಬೇಡ. ಹಲ್ಲು, ಕತ್ತರಿ ಬಳಸದೆ ಅಂಚಿನಲ್ಲಿ ಕೈಯಿಂದ ಹರಿಯಿರಿ. ಸುರುಳಿಯ ಅಂಚು ಹೊರಮುಖವಾಗಿರಬೇಕು. ತುದಿಯನ್ನು ಎರಡು ಬೆರಳಲ್ಲಿ ಹಿಂಡಿ ಗಾಳಿ ತೆಗೆದು, ಶಿಶ್ನ ಗಡುಸಾದ ಮೇಲೆ, ಹೆಣ್ಣಿನ ಅಂಗಕ್ಕೆ ತಾಗುವ ಮುಂಚೆಯೇ ಬುಡದವರೆಗೂ ಬಿಡಿಸಿ. ತಿರುವುಮುರುವಾಗಿ ಇಟ್ಟುಬಿಟ್ಟರೆ ಅದನ್ನೇ ತಿರುಗಿಸಿ ಹಾಕಬೇಡಿ. ಹೊರಮೈಗೆ ಆಗಲೇ ದ್ರವ ತಾಗಿರುತ್ತದೆ, ಹೊಸದು ತೆಗೆಯಿರಿ. ವೀರ್ಯ ಬಂದ ಕೂಡಲೇ, ಗಡುಸು ಇಳಿಯುವ ಮುಂಚೆ, ಅಂಚನ್ನು ಹಿಡಿದುಕೊಂಡು ಹೊರತೆಗೆಯಿರಿ. ಒಳಗೇ ಜಾರಿ ಉಳಿಯುವುದು ಈ ಹೆಜ್ಜೆಯಲ್ಲಿ ತಡಮಾಡಿದ್ದರಿಂದ.

ಹರಿಯುವುದಕ್ಕೆ ನಮ್ಮ ಕಡೆ ಸಾಮಾನ್ಯ ಕಾರಣ ಕೊಬ್ಬರಿ ಎಣ್ಣೆ. ಎಣ್ಣೆ, ವ್ಯಾಸಲಿನ್, ತುಪ್ಪ ಯಾವುದು ತಾಗಿದರೂ ರಬ್ಬರು ಕೆಲವೇ ನಿಮಿಷದಲ್ಲಿ ಸಡಿಲವಾಗುತ್ತದೆ. ಒಣಗಿದಂತೆ ಅನಿಸಿದರೆ ನೀರಿನಂಶದ ಜೆಲ್ ಮಾತ್ರ. ಎರಡು ನಿರೋಧ್ ಒಂದರ ಮೇಲೊಂದು ಹಾಕಿದರೆ ಭದ್ರ ಎನ್ನುವುದು ಸುಳ್ಳು, ಉಜ್ಜಿಕೊಂಡು ಎರಡೂ ಹರಿಯುತ್ತವೆ. ಬಚ್ಚಿಡುವ ಜಾಗದ ಬಗ್ಗೆ ಒಂದು ಮಾತು: ಒಲೆಯ ಮೇಲಿನ ಅಟ್ಟ, ಬಚ್ಚಲ ಹಂಡೆಯ ಪಕ್ಕದ ಗೂಡು, ಪ್ಯಾಂಟಿನ ಹಿಂದಿನ ಜೇಬಿನ ಪರ್ಸು ಮೂರೂ ಬೇಡ. ಬಳಸಿದ್ದನ್ನು ಗಂಟು ಹಾಕಿ ಕಾಗದದಲ್ಲಿ ಸುತ್ತಿ ಕಸದ ಗಾಡಿಗೆ ಹಾಕಿ. ಪಾಯಿಖಾನೆ ಗುಂಡಿಗೆ ಹಾಕಿದರೆ ಪೈಪು ಕಟ್ಟುತ್ತದೆ.

ದಿನದ ಗುಳಿಗೆ

ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್ ಪಟ್ಟಿಯಲ್ಲಿ 28 ಗುಳಿಗೆ. 21ರಲ್ಲಿ ಹಾರ್ಮೋನು ಇರುತ್ತದೆ, ಉಳಿದ 7 ಕಬ್ಬಿಣಾಂಶದವು. ಮುಟ್ಟು ಶುರುವಾದ 5 ದಿನದ ಒಳಗೆ ಶುರುಮಾಡಿದರೆ ಆ ದಿನದಿಂದಲೇ ರಕ್ಷಣೆ. ಆಮೇಲೆ ಶುರುಮಾಡುವುದಾದರೆ ಬಸಿರಿಲ್ಲವೆಂದು ಖಚಿತವಾಗಿರಬೇಕು, ಮೊದಲ 7 ದಿನ ನಿರೋಧ್ ಬೇಕು. ಬಾಣದ ಗುರುತು ಹಿಡಿದು ದಿನಕ್ಕೊಂದು, ಒಂದೇ ಹೊತ್ತಿಗೆ ನುಂಗಬೇಕು. ರಾತ್ರಿ ಊಟವಾದ ಮೇಲೆ ನುಂಗಿದರೆ ಮೊದಲ ತಿಂಗಳ ವಾಕರಿಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ಕಬ್ಬಿಣದ ಗುಳಿಗೆಯ ದಿನಗಳಲ್ಲಿ ಮುಟ್ಟು ಬರುತ್ತದೆ. ಮುಟ್ಟು ನಿಲ್ಲದಿದ್ದರೂ ಪಟ್ಟಿ ಮುಗಿದ ಮಾರನೇ ದಿನ ಹೊಸ ಪಟ್ಟಿ ಶುರು. ನಡುವೆ ಬಿಡುವು ಕೊಡುವ ಅಗತ್ಯವಿಲ್ಲ.

ಒಂದು ಗುಳಿಗೆ ತಪ್ಪಿದರೆ ನೆನಪಾದ ತಕ್ಷಣ ನುಂಗಿ, ಅಂದಿನದನ್ನು ಅದರ ಹೊತ್ತಿಗೇ ನುಂಗಿ. ಒಂದೇ ದಿನ ಎರಡಾದರೂ ತೊಂದರೆಯಿಲ್ಲ. ಎರಡು ಅಥವಾ ಹೆಚ್ಚು ಹಾರ್ಮೋನು ಗುಳಿಗೆ ಸಾಲಾಗಿ ತಪ್ಪಿದ್ದರೆ ಕೂಡಲೇ ಒಂದು ನುಂಗಿ, ಪಟ್ಟಿ ಮುಂದುವರಿಸಿ, 7 ದಿನ ನಿರೋಧ್ ಬಳಸಿ. ಇದು ಮೂರನೇ ವಾರದಲ್ಲಾಗಿದ್ದರೆ ಕಬ್ಬಿಣದ 7 ಗುಳಿಗೆ ಬಿಟ್ಟು ನೇರ ಹೊಸ ಪಟ್ಟಿಗೆ ಹೋಗಿ. ಮೊದಲ ವಾರದಲ್ಲಿ ತಪ್ಪಿ, ಆ ದಿನಗಳಲ್ಲಿ ಕೂಡಿದ್ದರೆ ತುರ್ತು ಗುಳಿಗೆ ಬೇಕು. ಕಬ್ಬಿಣದ ಗುಳಿಗೆ ತಪ್ಪಿದರೆ ಏನೂ ಇಲ್ಲ, ಎಸೆದುಬಿಡಿ. ನುಂಗಿದ 2 ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ನುಂಗಿ.

ಗುಳಿಗೆ ತಪ್ಪುವುದು ಹೆಚ್ಚಾಗಿ ಊರು ಬಿಟ್ಟಾಗ. ಸಾಗರದ ಮಾರಿಜಾತ್ರೆಗೆ ನೆಂಟರ ಮನೆಗೆ ಹೋದವರ ಗುಳಿಗೆ ಪಟ್ಟಿ ಮನೆಯ ಕಪಾಟಿನಲ್ಲೇ ಉಳಿದಿರುತ್ತದೆ. ಬ್ಯಾಗಿನಲ್ಲಿ ಒಂದು, ಮನೆಯಲ್ಲಿ ಒಂದು ಪಟ್ಟಿ ಇರಲಿ. ಮಳೆಗಾಲಕ್ಕೆ ಮುಂಚೆ ಆಶಾ ಕಾರ್ಯಕರ್ತೆಯ ಹತ್ತಿರ ಮೂರು ತಿಂಗಳದ್ದು ಒಟ್ಟಿಗೆ ಕೇಳಿಟ್ಟುಕೊಳ್ಳಿ.

ಈ ಗುಳಿಗೆ ಎಲ್ಲರಿಗೂ ಅಲ್ಲ. 6 ತಿಂಗಳೊಳಗಿನ ಮಗುವಿಗೆ ಹಾಲು ಕುಡಿಸುವವರು, ಬಿಪಿ ಹೆಚ್ಚಿರುವವರು, ರಕ್ತ ಹೆಪ್ಪುಗಟ್ಟುವ ತೊಂದರೆ, ಹೃದಯ ಅಥವಾ ಯಕೃತ್ತಿನ ಕಾಯಿಲೆ, ಕಣ್ಣು ಮಂಜಾಗಿ ಬರುವ ಅರೆತಲೆನೋವು ಇರುವವರು, 35 ದಾಟಿದ ಬೀಡಿ ಸಿಗರೇಟು ಸೇದುವವರು ಇದನ್ನು ನುಂಗಬಾರದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರದ ಕೆಲವು ಮಾತ್ರೆಗಳು ಗುಳಿಗೆಯ ಶಕ್ತಿ ಕುಂದಿಸುತ್ತವೆ. ಆ ಔಷಧಿ ನಡೆಯುತ್ತಿದ್ದರೆ ಮೊದಲೇ ಹೇಳಿ.

ವಾರದ ಗುಳಿಗೆ, ಛಾಯಾ

ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ 30 ಮಿಲಿಗ್ರಾಂ ಗುಳಿಗೆ ಇದು. ಸ್ಟೀರಾಯ್ಡ್ ಹಾರ್ಮೋನು ಇಲ್ಲ, ಎದೆಹಾಲಿಗೆ ತೊಂದರೆಯಿಲ್ಲ, ಹೆರಿಗೆಯಾದ ಮೇಲೆ ಬೇಗನೆ ಶುರುಮಾಡಬಹುದು. ಬಾಣಂತಿಯರಿಗೆ ಇದು ಹೊಂದುತ್ತದೆ.

ಮುಟ್ಟಾದ ಮೊದಲ ದಿನ ಮೊದಲ ಗುಳಿಗೆ, ನಡುವೆ ಎರಡು ದಿನ ಬಿಟ್ಟು ಎರಡನೆಯದು. ಮೊದಲನೆಯದು ಭಾನುವಾರವಾದರೆ ಎರಡನೆಯದು ಬುಧವಾರ, ಸೋಮವಾರವಾದರೆ ಗುರುವಾರ. ಮೊದಲ ಮೂರು ತಿಂಗಳು ಹೀಗೆ ವಾರಕ್ಕೆರಡು. ನಾಲ್ಕನೇ ತಿಂಗಳಿಂದ ವಾರಕ್ಕೊಂದು, ಮೊದಲ ಗುಳಿಗೆ ನುಂಗಿದ ವಾರದ ದಿನವೇ. ಮುಟ್ಟು ಇರಲಿ, ಇಲ್ಲದಿರಲಿ, ದಿನ ಬದಲಾಗುವುದಿಲ್ಲ. ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಮೊದಲ ತಿಂಗಳಿಂದಲೇ ವಾರಕ್ಕೊಂದು ನುಂಗುವುದು. ಸಂತೆಯ ದಿನಕ್ಕೆ ಹೊಂದಿಸಿಕೊಂಡವರಿಗೆ ಮರೆವು ಕಡಿಮೆ.

ತಪ್ಪಿ 7 ದಿನದೊಳಗಿದ್ದರೆ ನೆನಪಾದಾಗ ನುಂಗಿ, ಹಳೆಯ ದಿನಕ್ಕೇ ಮುಂದುವರಿಸಿ, ಮುಂದಿನ ಮುಟ್ಟಿನವರೆಗೆ ನಿರೋಧ್ ಬಳಸಿ. 7 ದಿನ ದಾಟಿದ್ದರೆ ಹೊಸಬರ ಹಾಗೆ ವಾರಕ್ಕೆರಡರಿಂದ ಶುರು. ಕೆಲವರಿಗೆ ಮುಟ್ಟು ತಡವಾಗುತ್ತದೆ, ಸ್ರಾವ ಕಡಿಮೆಯಾಗುತ್ತದೆ. 15 ದಿನಕ್ಕಿಂತ ಹೆಚ್ಚು ತಡವಾದರೆ ಬಸಿರು ಪರೀಕ್ಷೆ ಮಾಡಿಕೊಳ್ಳಿ. ಪಿಸಿಒಡಿ (ಅಂಡಾಶಯದಲ್ಲಿ ನೀರುಗುಳ್ಳೆಗಳಾಗುವ ತೊಂದರೆ) ಇರುವವರಿಗೆ, ಇತ್ತೀಚೆಗೆ ಕಾಮಾಲೆ ಬಂದುಹೋದವರಿಗೆ ಇದು ಬೇಡ.

ಅಂತರಾ ಚುಚ್ಚುಮದ್ದು

150 ಮಿಲಿಗ್ರಾಂನ ಒಂದು ಇಂಜೆಕ್ಷನ್, ಮೂರು ತಿಂಗಳಿಗೊಮ್ಮೆ. ಮೊದಲನೆಯದು ಮುಟ್ಟಾದ 7 ದಿನದೊಳಗೆ. ಹಾಲು ಕುಡಿಸುವವರಿಗೆ ಹೆರಿಗೆಯಾದ 6 ವಾರದ ನಂತರ. ಚುಚ್ಚಿದ ಜಾಗವನ್ನು ತಿಕ್ಕಬಾರದು, ಬಿಸಿನೀರಿನ ಶಾಖ ಕೊಡಬಾರದು. ತಿಕ್ಕಿದರೆ ಔಷಧಿ ಬೇಗ ಕರಗಿ ಮೂರು ತಿಂಗಳು ಬಾಳುವುದಿಲ್ಲ. ಅಭ್ಯಂಜನದ ಅಭ್ಯಾಸವಿರುವ ಮನೆಯಲ್ಲಿ ಇದನ್ನು ಅತ್ತೆಗೂ ಒಂದು ಮಾತು ಹೇಳಿಡುವುದು ಒಳ್ಳೆಯದು.

ಕಾರ್ಡಿನಲ್ಲಿ ಬರೆದ ತಾರೀಖಿಗಿಂತ 2 ವಾರ ಮುಂಚೆ ಚುಚ್ಚಿಸಿಕೊಳ್ಳಬಹುದು, 4 ವಾರ ತಡವಾದರೂ ಕೊಡುತ್ತಾರೆ. ಮಲೆನಾಡಿಗೆ ಈ ಎರಡು ವಾರ ಬಹಳ ಉಪಯೋಗದ್ದು. ತಾರೀಖು ಆರಿದ್ರಾ, ಪುನರ್ವಸು ಮಳೆಯ ನಡುವೆ ಬೀಳುವಂತಿದ್ದರೆ ಹಳ್ಳ ಏರುವ ಮುಂಚೆಯೇ ಹೋಗಿಬನ್ನಿ.

ಮೊದಲ ತಿಂಗಳುಗಳಲ್ಲಿ ಹೊತ್ತಲ್ಲದ ಹೊತ್ತಲ್ಲಿ ಸ್ರಾವ ಕಾಣುತ್ತದೆ. ವರ್ಷ ಕಳೆಯುವಷ್ಟರಲ್ಲಿ ಹಲವರಿಗೆ ಮುಟ್ಟು ನಿಂತೇ ಹೋಗುತ್ತದೆ. ಕೆಟ್ಟ ರಕ್ತ ಒಳಗೆ ಸೇರಿಕೊಳ್ಳುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಒಳಪದರ ಬೆಳೆಯದಿದ್ದಾಗ ಹೊರಬರಲು ಏನೂ ಇರುವುದಿಲ್ಲ, ಅಷ್ಟೇ. ಇದನ್ನು ಮೊದಲೇ ತಿಳಿಸದೆ ಚುಚ್ಚಿದರೆ ಎರಡನೇ ಡೋಸಿಗೆ ಯಾರೂ ಬರುವುದಿಲ್ಲ. ಇನ್ನೊಂದು ವಿಷಯ: ಬಿಟ್ಟ ಮೇಲೆ ಮತ್ತೆ ಬಸಿರಾಗಲು ಕೊನೆಯ ಚುಚ್ಚುಮದ್ದಿನಿಂದ 7ರಿಂದ 10 ತಿಂಗಳು ಹಿಡಿಯುತ್ತದೆ. ಮುಂದಿನ ವರ್ಷವೇ ಮಗು ಬೇಕೆನ್ನುವವರು ಬೇರೆ ವಿಧಾನ ನೋಡಿ. ತೋಳಿನ ಚರ್ಮದಡಿ ಇಡುವ, 3 ವರ್ಷ ಬಾಳುವ 4 ಸೆಂ.ಮೀ. ಕಡ್ಡಿಯೂ ಬಂದಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇನ್ನೂ ಎಲ್ಲೆಡೆ ಇಲ್ಲ, ಕೇಳಿ ನೋಡಿ.

ವಂಕಿ

ಕಾಪರ್-ಟಿಗೆ ಇಲ್ಲಿನ ಹೆಸರು ವಂಕಿ. ನಮ್ಮ ಭಾಗಕ್ಕೆ ಅತಿ ಹೊಂದುವ, ಆದರೆ ಅತಿ ಹೆಚ್ಚು ಹೆದರಿಕೆ ಹುಟ್ಟಿಸಿರುವ ವಿಧಾನವೂ ಇದೇ. 380ಎ ಎಂಬುದು 10 ವರ್ಷ, 375 ಎಂಬುದು 5 ವರ್ಷ ಕೆಲಸ ಮಾಡುತ್ತದೆ. ಒಮ್ಮೆ ಹಾಕಿಸಿದರೆ ಪೇಟೆಯ ಮೆಡಿಕಲ್ ಶಾಪಿನ ಹಂಗಿಲ್ಲ.

ಟಿ ಆಕಾರದ ಪ್ಲಾಸ್ಟಿಕ್ಕಿಗೆ ತಾಮ್ರದ ತಂತಿ ಸುತ್ತಿರುತ್ತದೆ. ಕೊಳೆರೋಗಕ್ಕೆ ಅಡಿಕೆ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಶಿಲೀಂಧ್ರದ ಬೀಜಾಣುಗಳನ್ನು ಕೊಲ್ಲುವುದು ಮೈಲುತುತ್ತದ ತಾಮ್ರ. ಇಲ್ಲಿ ತಂತಿಯಿಂದ ಅತಿ ಸ್ವಲ್ಪ ಪ್ರಮಾಣದಲ್ಲಿ ಬಿಡುಗಡೆಯಾಗುವ ತಾಮ್ರ ಹಾಗೆಯೇ ವೀರ್ಯಾಣುವಿನ ಚಲನೆ ಕೆಡಿಸಿ ಅಂಡವನ್ನು ಸೇರದಂತೆ ಮಾಡುತ್ತದೆ. ನಿಂತ ಗರ್ಭವನ್ನು ಇದು ತೆಗೆಯುವುದಿಲ್ಲ. ಹೃದಯಕ್ಕೆ, ಹೊಟ್ಟೆಯ ಮೇಲ್ಭಾಗಕ್ಕೆ ಹತ್ತಿ ಹೋಗುತ್ತದೆ ಎಂಬುದು ಕಟ್ಟುಕಥೆ. ಹಾಕುವಾಗ ಗರ್ಭಕೋಶದ ಗೋಡೆ ತೂತಾಗುವ ಸಾಧ್ಯತೆ ಇದೆ, ಆದರೆ ಬಹಳ ವಿರಳ. ತರಬೇತಿ ಪಡೆದವರ ಹತ್ತಿರವೇ ಹಾಕಿಸಿ ಎನ್ನುವುದು ಇದಕ್ಕಾಗಿ.

ಮುಟ್ಟು ಶುರುವಾದ 12 ದಿನದೊಳಗೆ ಹಾಕಿಸಬಹುದು; ಬಸಿರಿಲ್ಲವೆಂದು ಖಚಿತವಿದ್ದರೆ ಯಾವತ್ತಾದರೂ ಆದೀತು. ವೈದ್ಯರು ಅಥವಾ ನರ್ಸಮ್ಮ ಮೊದಲು ಒಳಪರೀಕ್ಷೆ ಮಾಡುತ್ತಾರೆ. ದುರ್ವಾಸನೆಯ ಬಿಳಿಸೆರಗು, ಕಿಬ್ಬೊಟ್ಟೆ ನೋವು, ಸೋಂಕು ಇದ್ದರೆ ಅದಕ್ಕೆ ಔಷಧಿ ಮೊದಲು, ವಂಕಿ ಆಮೇಲೆ. ಹಾಕಲು ಕೆಲವು ನಿಮಿಷ ಸಾಕು, ಮುಟ್ಟಿನ ನೋವಿನಂಥ ಸೆಳೆತ ಬರುತ್ತದೆ. ಮೊದಲ ಮೂರು ತಿಂಗಳು ಸ್ರಾವ ಹೆಚ್ಚು, ನೋವೂ ಸ್ವಲ್ಪ ಹೆಚ್ಚು; ಐಬುಪ್ರೊಫೆನ್ ಎರಡನ್ನೂ ತಗ್ಗಿಸುತ್ತದೆ. ಮೊದಲೇ ರಕ್ತಹೀನತೆ ಇದ್ದವರು ಹಿಮೋಗ್ಲೋಬಿನ್ ನೋಡಿಸಿಕೊಂಡು ಕಬ್ಬಿಣದ ಮಾತ್ರೆ ನುಂಗಬೇಕು.

ವಂಕಿ ಜಾರಿ ಬೀಳುವುದಿದ್ದರೆ ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ, ಅದೂ ಮುಟ್ಟಿನ ಜೊತೆ. ಮುಟ್ಟು ಮುಗಿದ ಮೇಲೆ ಕೈ ತೊಳೆದು, ಕುಕ್ಕರಗಾಲಲ್ಲಿ ಕೂತು, ಬೆರಳು ಒಳಗೆ ಹಾಕಿದರೆ ಗರ್ಭಕೋಶದ ಬಾಯಲ್ಲಿ ಸಣ್ಣ ದಾರ ತಾಗುತ್ತದೆ. ದಾರ ಸಿಗದಿದ್ದರೆ, ಮೊದಲಿಗಿಂತ ಉದ್ದ ಅನಿಸಿದರೆ, ಗಟ್ಟಿ ಪ್ಲಾಸ್ಟಿಕ್ ತಾಗಿದರೆ ತೋರಿಸಿಕೊಳ್ಳುವವರೆಗೆ ನಿರೋಧ್. ದಾರವನ್ನು ನೀವೇ ಎಳೆಯಬೇಡಿ. ಮುಟ್ಟು ತಪ್ಪಿದರೆ, ಚಳಿಜ್ವರದ ಜೊತೆ ಕಿಬ್ಬೊಟ್ಟೆ ನೋವು ಬಂದರೆ ಅಂದೇ ಆಸ್ಪತ್ರೆಗೆ ಹೋಗಿ.

ಆಪರೇಷನ್

ಮೈಸೂರು ಸರ್ಕಾರ 1930ರಲ್ಲೇ ಜನನ ನಿಯಂತ್ರಣ ಕ್ಲಿನಿಕ್ಕಿಗೆ ಅನುಮತಿ ಕೊಟ್ಟಿತ್ತು. ಶಿವಮೊಗ್ಗ ಆಗ ಅದೇ ಸಂಸ್ಥಾನದ ಜಿಲ್ಲೆ. ಇಷ್ಟು ಹಳೆಯ ಪರಂಪರೆಯ ನಂತರವೂ ಆಪರೇಷನ್ ಎಂದರೆ ಹೆಂಗಸೇ ಮಲಗಬೇಕು ಎಂಬುದು ಮಾತ್ರ ಬದಲಾಗಿಲ್ಲ.

ಗಂಡಿನದು ಸಣ್ಣ ಕೆಲಸ. ಚರ್ಮ ಮರಗಟ್ಟಿಸುವ ಮದ್ದು ಕೊಟ್ಟು, ಚಾಕು ಹಾಕದೆ ಒಂದು ಸಣ್ಣ ರಂಧ್ರದಿಂದ ವೀರ್ಯನಾಳ ಹೊರತೆಗೆದು ಕಟ್ಟಿ ಕತ್ತರಿಸುತ್ತಾರೆ. ಹೊಲಿಗೆ ಇಲ್ಲ, ಹದಿನೈದು ಇಪ್ಪತ್ತು ನಿಮಿಷದ ಮಾತು, ಅಂದೇ ಮನೆಗೆ. ಬೀಜಕ್ಕೆ ಕೈ ಹಾಕುವುದಿಲ್ಲವಾದ್ದರಿಂದ ಗಂಡು ಹಾರ್ಮೋನು ಹಾಗೇ ಇರುತ್ತದೆ; ಶಕ್ತಿ, ಇಚ್ಛೆ ಕುಗ್ಗುವುದಿಲ್ಲ. ಎರಡು ದಿನ ವಿಶ್ರಾಂತಿ, ಬಿಗಿ ಒಳಚಡ್ಡಿ, ಒಂದು ವಾರ ಮರ ಹತ್ತುವುದು, ಮೂಟೆ ಹೊರುವುದು, ಸೈಕಲ್ ತುಳಿಯುವುದು ಬೇಡ. ಅಡಿಕೆ ಗೊನೆ ಕೊಯ್ಲು ಮುಗಿದ ಮೇಲೆ ಮಾಡಿಸಿಕೊಂಡರೆ ಕೂಲಿಯೂ ತಪ್ಪುವುದಿಲ್ಲ.

ಜನ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ನಾಳ ಕತ್ತರಿಸಿದ ಜಾಗದಿಂದ ಮುಂದೆ ಆಗಲೇ ವೀರ್ಯಾಣು ಇರುತ್ತವೆ. ಹಾಗಾಗಿ 3 ತಿಂಗಳು ನಿರೋಧ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲವೆಂದು ಬಂದ ಮೇಲೆಯೇ ನಿರೋಧ್ ಬಿಡಬೇಕು. ಪರೀಕ್ಷೆ ಮಾಡಿಸದೆ ಬಿಟ್ಟು, ಹೆಂಡತಿ ಬಸಿರಾದಾಗ ಅವಳನ್ನು ಅನುಮಾನಿಸಿದ ಸಂಸಾರಗಳಿವೆ. ಎರಡನೇ ಹೆರಿಗೆಗೂ ಹೆಂಡತಿ ತವರಿಗೆ ಹೋಗುವ ಮನೆಯಾದರೆ ಆ ಮೂರು ತಿಂಗಳಲ್ಲೇ ಇದನ್ನು ಮುಗಿಸಿಕೊಳ್ಳಬಹುದು.

ಹೆಣ್ಣಿನ ಆಪರೇಷನ್‌ನಲ್ಲಿ ಅಂಡನಾಳ ಕಟ್ಟಿ ಕತ್ತರಿಸುತ್ತಾರೆ ಅಥವಾ ಉಂಗುರ ಹಾಕುತ್ತಾರೆ. ಹೆರಿಗೆಯಾದ 7 ದಿನದೊಳಗೆ ಸಣ್ಣ ಗಾಯದ ಮಿನಿಲ್ಯಾಪ್; ಸಣ್ಣ ಕೊಳವೆ ತೂರಿಸಿ ಮಾಡುವ ಲ್ಯಾಪ್ರೋಸ್ಕೋಪ್‌ನದ್ದು 6 ವಾರದ ನಂತರ. ಮುಟ್ಟು ಮೊದಲಿನಂತೆ ಬರುತ್ತದೆ. ಒಂದು ವಾರ ಕೊಡಪಾನ, ಸೊಪ್ಪಿನ ಹೊರೆ ಎತ್ತಬಾರದು. ಆಮೇಲೆ ಎಂದಾದರೂ ಮುಟ್ಟು ತಪ್ಪಿ ಒಂದು ಪಕ್ಕ ಹೊಟ್ಟೆನೋವು ಬಂದರೆ ನಾಳದಲ್ಲೇ ಗರ್ಭ ನಿಂತಿರಬಹುದು, ತಡಮಾಡದೆ ತಾಲೂಕು ಆಸ್ಪತ್ರೆಗೆ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೊರಡಿ.

ಸರ್ಕಾರಿ ನಿಯಮದಂತೆ ಹೆಂಗಸಿಗೆ ವಯಸ್ಸು 22ರಿಂದ 49, ಕನಿಷ್ಠ ಒಂದು ಮಗುವಿಗೆ ಒಂದು ವರ್ಷ ದಾಟಿರಬೇಕು. ಗಂಡನ ಅಥವಾ ಹೆಂಡತಿಯ ಸಹಿ ಕಡ್ಡಾಯವಲ್ಲ, ಮಾಡಿಸಿಕೊಳ್ಳುವವರ ಸಹಿ ಸಾಕು.

ಬಾಣಂತನದ ಲೆಕ್ಕ

ತವರಿನಲ್ಲಿ ಮೂರೋ ಐದೋ ತಿಂಗಳು ಇದ್ದು, ಕೂಸಿನ ಜೊತೆ ಗಂಡನ ಮನೆಗೆ ಬರುವ ದಿನಕ್ಕೆ ತಡೆ ತಯಾರಿರಬೇಕು. ಎದೆಹಾಲೇ ತಡೆಯಾಗಿ ಕೆಲಸ ಮಾಡಲು ಮೂರು ಷರತ್ತು: ಮಗುವಿಗೆ 6 ತಿಂಗಳು ತುಂಬಿರಬಾರದು, ಮುಟ್ಟು ಬಂದಿರಬಾರದು, ಮಗುವಿಗೆ ಎದೆಹಾಲು ಬಿಟ್ಟು ಬೇರೇನೂ ಕೊಡದೆ ಹಗಲು ರಾತ್ರಿ ಕುಡಿಸುತ್ತಿರಬೇಕು, ಹಗಲು 4 ಗಂಟೆ, ರಾತ್ರಿ 6 ಗಂಟೆಗಿಂತ ಅಂತರ ಬೇಡ. ಮೂರೂ ಇದ್ದರೆ ಬಸಿರಾಗುವುದು 100ಕ್ಕೆ 2ಕ್ಕಿಂತ ಕಡಿಮೆ. ನಾಲ್ಕನೇ ತಿಂಗಳಿಗೆ ಅಜ್ಜಿ ರಾಗಿ ಸರಿ ಶುರುಮಾಡಿದರೆ, ದನದ ಹಾಲು ಕುಡಿಸಿದರೆ ಷರತ್ತು ಮುರಿದಂತೆ.

ಎಲ್ಲಕ್ಕಿಂತ ಸುಲಭ, ಹೆರಿಗೆಯಾದ 48 ಗಂಟೆಯೊಳಗೆ ಆಸ್ಪತ್ರೆಯಲ್ಲೇ ವಂಕಿ ಹಾಕಿಸಿಕೊಂಡು ಬರುವುದು. ಬೇಕೋ ಬೇಡವೋ ಎಂದು ಬಸುರಿಯಲ್ಲಿದ್ದಾಗಲೇ ತೀರ್ಮಾನಿಸಿ ತಾಯಿ ಕಾರ್ಡಿನಲ್ಲಿ ಬರೆಸಿ. ಹೆರಿಗೆ ನೋವಿನ ನಡುವೆ ಕೇಳುವ ಪ್ರಶ್ನೆ ಅಲ್ಲ ಅದು. 48 ಗಂಟೆ ದಾಟಿದರೆ 6 ವಾರದವರೆಗೆ ಕಾಯಬೇಕು.

ತಡೆ ತಪ್ಪಿದ ಮೇಲೆ

ನಿರೋಧ್ ಹರಿದರೆ, ತಡೆಯಿಲ್ಲದೆ ಕೂಡಿದ್ದರೆ 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್‌ನ ಒಂದು ತುರ್ತು ಗುಳಿಗೆ 72 ಗಂಟೆಯೊಳಗೆ. ಆರೋಗ್ಯ ಕೇಂದ್ರದಲ್ಲಿ ಈಜಿ ಪಿಲ್ ಎಂದು ಸಿಗುತ್ತದೆ, ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳುವುದಿಲ್ಲ. ಅಂಡ ಬಿಡುಗಡೆಯನ್ನು ಮುಂದೂಡುವುದೇ ಇದರ ಕೆಲಸ. ಅಂಡ ಆಗಲೇ ಬಂದಿದ್ದರೆ ಪ್ರಯೋಜನವಿಲ್ಲ, ಹಾಗಾಗಿ ಮೂರನೇ ದಿನಕ್ಕಿಂತ ಮೊದಲನೇ ದಿನ ನುಂಗುವುದು ಮೇಲು. ತಿಂಗಳಿಗೆ ನಾಲ್ಕು ಸಲ ನುಂಗುವುದು ವಿಧಾನವೇ ಅಲ್ಲ: ಸೋಲೂ ಹೆಚ್ಚು, ಮುಟ್ಟಿನ ದಿನವೂ ಕೆಡುತ್ತದೆ. 72 ಗಂಟೆ ಕಳೆದು 5 ದಿನದೊಳಗಿದ್ದರೆ ವಂಕಿ ಹಾಕಿಸಬಹುದು. ತುರ್ತಿಗೆ ಇದರಷ್ಟು ಖಚಿತವಾದದ್ದು ಬೇರೆ ಇಲ್ಲ.

ಮುಟ್ಟು ಒಂದು ವಾರ ತಡವಾದರೆ ಆಶಾ ಕಾರ್ಯಕರ್ತೆಯ ಹತ್ತಿರ ಇರುವ ನಿಶ್ಚಯ್ ಕಿಟ್‌ನಲ್ಲಿ ಬೆಳಗಿನ ಮೊದಲ ಮೂತ್ರ ಪರೀಕ್ಷಿಸಿ. ಸಂಕೋಚವಿದ್ದರೆ 104 ಆರೋಗ್ಯ ಸಹಾಯವಾಣಿಗೆ ಫೋನು ಮಾಡಿ. ಬಸಿರು ಖಚಿತವಾಗಿ, ಮುಂದುವರಿಸಲು ಆಗದ ಪರಿಸ್ಥಿತಿ ಇದ್ದರೆ ಕಾನೂನಿನಂತೆ ನೋಂದಾಯಿತ ಆಸ್ಪತ್ರೆಯಲ್ಲಿ 20 ವಾರದವರೆಗೆ, ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಗರ್ಭಪಾತ ಮಾಡಿಸಬಹುದು; 18 ತುಂಬಿದವಳಿಗೆ ಅವಳ ಒಪ್ಪಿಗೆ ಸಾಕು. ನಾಟಿ ಬೇರು, ಕಷಾಯ ನುಂಗಿ ಕಾಯುತ್ತಾ ಕೂತರೆ ವಾರಗಳು ಕಳೆಯುತ್ತವೆ, ಅಪಾಯ ಏರುತ್ತದೆ. ಗರ್ಭಪಾತವಾದ 10 ದಿನಕ್ಕೇ ಮತ್ತೆ ಅಂಡ ಬಿಡುಗಡೆಯಾಗಬಹುದು. ಮುಂದಿನ ಮುಟ್ಟಿಗೆ ಕಾಯದೆ, ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಗುಳಿಗೆಯೋ ಚುಚ್ಚುಮದ್ದೋ ಶುರುಮಾಡಿ. ಸೋಂಕಿಲ್ಲದಿದ್ದರೆ, ಗರ್ಭಕೋಶ ಪೂರ್ತಿ ಖಾಲಿಯಾಗಿದ್ದರೆ ವಂಕಿಯನ್ನೂ ಅಂದೇ ಹಾಕುತ್ತಾರೆ.